ಅವಳು ಇಡದ ಫೋನು

ಅರವತ್ತರ ದಶಕದಲ್ಲಿ ಜಯನಗರದ ಕಡೆಯ ಅಗ್ನಿಶಾಮಕ ಠಾಣೆಯೊಂದರಲ್ಲಿ ಫೋನಿನ ಮುಂದೆ ಕೂರುವುದು ನನ್ನ ಕೆಲಸವಾಗಿತ್ತು. ಮೇಜಿನ ಮೇಲೆ ಎರಡು ಫೋನು. ಒಂದಕ್ಕೆ ಬೆಂಕಿಯ ಸುದ್ದಿ ಬರುತ್ತಿತ್ತು. ಅದನ್ನು ಇಟ್ಟು, ಇನ್ನೊಂದರಿಂದ ಸುದ್ದಿ ಕೊಟ್ಟ ಮನೆಗೆ ತಿರುಗಿ ಫೋನ್ ಮಾಡಿ, ನಿಜವೆಂದು ಖಾತ್ರಿಯಾದ ಮೇಲೆಯೇ ನಾನು ಗಂಟೆ ಬಾರಿಸಬೇಕು. ಹೊಸದಾಗಿ ಫೋನ್ ಹಾಕಿಸಿಕೊಂಡ ದೊಡ್ಡ ಮನುಷ್ಯರು, ಗಾಡಿ ಬರುತ್ತದೋ ಇಲ್ಲವೋ ಎಂದು ನಮ್ಮನ್ನು ಪರೀಕ್ಷಿಸಿದ್ದೂ ಉಂಟು! ಒಮ್ಮೆ ಹಾಗೆ ಮೋಸಹೋಗಿ ಬೈಸಿಕೊಂಡಿದ್ದೆ. ಆಮೇಲೆ ನಿಯಮದ ವಿಷಯದಲ್ಲಿ ನಾನು ಮಹಾ ಹಟಮಾರಿ.

ಒಂದು ಮಧ್ಯಾಹ್ನ ಬನಶಂಕರಿ ಕಡೆಯ ಬಂಗಲೆಯಿಂದ ಫೋನ್ ಬಂತು. ಮನೆಯ ಯಜಮಾನರು ತಮ್ಮ ನಂಬರ್ ಹೇಳಿ, ಫೋನನ್ನು ಒಬ್ಬ ಹೆಂಗಸಿನ ಕೈಗೆ ಕೊಟ್ಟು, ಬೆಂಕಿಯ ಕಡೆ ಓಡಿದರು. ಅವಳು ಪಕ್ಕದ ಇಟ್ಟಮಡು ಹಳ್ಳಿಯವಳು. ಸೋಗೆಯ ಮನೆ ಹತ್ತಿಕೊಂಡಿದೆ, ಹಾಸಿಗೆ ಹಿಡಿದ ಅತ್ತೆ ಒಳಗೇ ಇದ್ದಾರೆ ಎಂದಳು. ಅವಳು ಫೋನ್ ಮುಟ್ಟಿದ್ದು ಅದೇ ಮೊದಲಿರಬೇಕು, ಕೂಗಿ ಮಾತಾಡುತ್ತಿದ್ದಳು. ಫೋನ್ ಇಡಮ್ಮ, ನಾವೇ ಮಾಡುತ್ತೇವೆ ಎಂದು ಹೇಳಿ ಇಟ್ಟೆ.

ಇನ್ನೊಂದು ಫೋನಿನಿಂದ ಆ ನಂಬರ್ ತಿರುಗಿಸಿದೆ. ಎಂಗೇಜ್. ಮತ್ತೆ ತಿರುಗಿಸಿದೆ, ಮತ್ತೆ ಎಂಗೇಜ್. ಮೂರನೆಯ ಸಲಕ್ಕೆ ಸಿಟ್ಟು ನೆತ್ತಿಗೇರಿತು. ಇದೂ ಪರೀಕ್ಷೆಯೇ ಎಂದುಕೊಂಡೆ. ಆದರೂ ಒಂದೆರಡು ನಿಮಿಷ ಕಾದು ತಿರುಗಿಸುತ್ತಲೇ ಇದ್ದೆ. ಕೊನೆಗೆ ಎಕ್ಸ್‌ಚೇಂಜಿನವರನ್ನು ಕೇಳೋಣವೆಂದು ಮೊದಲಿನ ಫೋನ್ ಎತ್ತಿದರೆ, ಅದರಲ್ಲಿ ಅವಳಿದ್ದಳು.

"ಇದ್ದೀರಾ ಸಾರ್? ಇಟ್ರೆ ನೀವು ಹೋಗ್ಬಿಡ್ತೀರಿ ಅಂತ ನಾನು ಇಡ್ಲೇ ಇಲ್ಲ."

ಫೋನ್ ಮಾಡಿದವರು ಇಡುವ ತನಕ ಆಗಿನ ಲೈನು ಕಡಿಯುತ್ತಿರಲಿಲ್ಲ; ಅದಕ್ಕೇ ಎಂಗೇಜ್. ತಕ್ಷಣ ಗಂಟೆ ಬಾರಿಸಿದೆ. ಗಾಡಿ ಅಲ್ಲಿಗೆ ತಲುಪುವ ಸ್ವಲ್ಪ ಮುಂಚೆ ಸೂರು ಕುಸಿದಿತ್ತಂತೆ. ಮುದುಕಿ ಉಳಿಯಲಿಲ್ಲ. ನಿಯಮದ ಪ್ರಕಾರವೇ ನಡೆದುಕೊಂಡಿದ್ದೀಯ, ನಿನ್ನ ತಪ್ಪೇನೂ ಇಲ್ಲ ಎಂದರು ಮೇಲಿನವರು. ಆ ಮಾತು ನನಗೆ ಎರಡು ದಿನ ಅನ್ನ ಇಳಿಯುವಷ್ಟು ಸಮಾಧಾನ ಕೊಟ್ಟಿತು. ಮೂರನೆಯ ದಿನ ತಡೆಯಲಾರದೆ, ತಪ್ಪು ಒಪ್ಪಿಕೊಳ್ಳಬೇಕೆಂದೇ ಇಟ್ಟಮಡುವಿಗೆ ಹೋದೆ.

ಅವಳು ಸುಟ್ಟ ಗೋಡೆಯ ಪಕ್ಕ ಪಾತ್ರೆ ತಿಕ್ಕುತ್ತಿದ್ದಳು. ನಾನು ಬಾಯಿ ತೆರೆದದ್ದೇ ತಡ, ದನಿ ಗುರುತು ಹಿಡಿದು ಎದ್ದು ನಿಂತಳು. ಕೈ ಒರೆಸಿಕೊಂಡು ಕೂರಲು ಚಾಪೆ ಹಾಸಿದಳು.

"ಮಧ್ಯ ಅಷ್ಟು ಹೊತ್ತು ನಿಮ್ಮ ಮಾತೇ ಇರ್ಲಿಲ್ಲ ಸಾರ್. ಗಾಡಿ ಹೊರಡಿಸ್ತಾ ಇದ್ದೀರಿ ಅಂತ ನಾನು ಧೈರ್ಯವಾಗಿದ್ದೆ."

ಹೌದಮ್ಮ, ಹೊರಡಿಸುತ್ತಿದ್ದೆ ಎಂದೆ.