ಹಗ್ಗದ ಮೇಲೆ ಕೂತವರು

ಅಟ್ಟದಿಂದ ಹಗ್ಗ ಇಳಿಸಿ ಬಾಲ್ಕನಿಯ ಬಿಸಿಲಿಗೆ ಹರವಿದ್ದೇನೆ. ಮನೆಯೆಲ್ಲ ತೆಂಗಿನ ನಾರಿನ ವಾಸನೆ. ಭಾನುವಾರ ಇಲ್ಲೇ ಚೆನ್ನೈನ ಗಿಂಡಿ ಬಡಾವಣೆಯಲ್ಲಿ ನಮ್ಮ ಕನ್ನಡ ಸಂಘದ ಆಟೋಟ. ನಿನ್ನೆ ಕಾರ್ಯದರ್ಶಿ ಫೋನ್ ಮಾಡಿದ್ದ: "ಆಂಟಿ, ಈ ವರ್ಷ ಹಗ್ಗಜಗ್ಗಾಟ ಜೆಂಟ್ಸ್‌ಗೆ ಮಾತ್ರ ಇಡೋಣ. ಲೇಡೀಸ್‌ಗೆ ಲೆಮನ್ ಸ್ಪೂನ್ ಸಾಕು, ಎನ್ನ ಆಂಟಿ, ಏನಂತೀರಾ?" ನನ್ನ ಮಂಡಿ ಆಗಲೇ ಒಪ್ಪಿಕೊಂಡಿತ್ತು. ಬಂದು ಹಗ್ಗ ತೊಗೊಂಡು ಹೋಗು, ಆಮೇಲೆ ನೋಡೋಣ ಎಂದೆ.

ಹಗ್ಗ ನನ್ನ ಸೋದರತ್ತೆಯಿಂದ ಬಂದದ್ದು. ಅತ್ತೆ ಫಿಸಿಕ್ಸ್ ಓದಿ ವಿಮಾ ಕಚೇರಿ ಸೇರಿದವಳು. ಓದಿದ್ದನ್ನು ಕಚೇರಿಯಲ್ಲಿ ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಅದೆಲ್ಲ ನಮ್ಮ ಪಾಲಿಗೆ ಬರುತ್ತಿತ್ತು. ಅದೇ ವಿಷಯದಲ್ಲಿ ಏದುಸಿರು ಬಿಟ್ಟು ಪಾಸಾದ ನಾನು ಅವಳಿಗೆ ಹೇಳಿ ಮಾಡಿಸಿದ ಶಿಷ್ಯೆ. "ಹಗ್ಗ ಎರಡೂ ಕಡೆ ಸಮನಾಗೇ ಎಳಿಯತ್ತೆ ಕಣೇ. ಗೆಲ್ಸೋದು ನೆಲ. ನೀನು ನೆಲಾನ ಮುಂದಕ್ಕೆ ಒದ್ರೆ ಅದು ನಿನ್ನ ಹಿಂದಕ್ಕೆ ತಳ್ಳತ್ತೆ. ಚಪ್ಪಲಿ ಬಿಡು."

ಚಪ್ಪಲಿ ಬಿಟ್ಟರೂ ನಮ್ಮ ಬ್ಯಾಂಕು-ವಿಮೆಯ ತಂಡ ರೈಲ್ವೆ ಕ್ವಾರ್ಟರ್ಸ್‌ನ ಹೆಂಗಸರಿಗೆ ವರ್ಷವೂ ಸೋಲುತ್ತಿತ್ತು. ನಮ್ಮಲ್ಲಿ ಧಾರವಾಡದವರು "ಜಗ್ರಿ" ಎಂದಾಗ ಜಗ್ಗುವರು, ಮೈಸೂರಿನವರು "ಎಳೀರೇ" ಎಂದಾಗ, ಇಲ್ಲೇ ಹುಟ್ಟಿದ ನಾವು ತಮಿಳಿನಲ್ಲಿ "ಇಳುಂಗ" ಎಂದಾಗ. ಮದರಾಸಿಗೆ ಬಂದರೂ ಅವರವರ ಮನೆಮಾತನ್ನು ಜೋಪಾನ ಮಾಡಿಕೊಂಡವರು, ಹಗ್ಗ ಹಿಡಿದ ಮಾತ್ರಕ್ಕೆ ಬಿಡುತ್ತಾರೆಯೇ? ಬಲವೆಲ್ಲ ಒಮ್ಮೆಗೆ ಬೀಳದೆ ಚಿಲ್ಲರೆಯಾಗಿ ಹೋಗುತ್ತಿತ್ತು.

ಒಂದು ವರ್ಷ ಆಗಿನ ಕಾರ್ಯದರ್ಶಿ ಮೊದಲೇ ಸಾರಿದರು: ಈ ಸಲವೂ ಸೋತರೆ ಹೆಂಗಸರ ಹಗ್ಗಜಗ್ಗಾಟ ರದ್ದು, ಪೈಪೋಟಿಯಿಲ್ಲದ ಆಟ ಯಾಕೆ ಎಂದು. ಅತ್ತೆಗೆ ಗಂಟಲು ಬಿಚ್ಚಿ ಕೂಗಲು ವರ್ಷಕ್ಕೆ ಸಿಗುತ್ತಿದ್ದುದು ಅದೊಂದು ದಿನ. ಆದರೂ ಅಂದು ತಾನೇ ಹೇಳಿದಳು: "ಯಾರೂ ಬಾಯಿ ಬಿಡ್ಬೇಡಿ. ನನ್ನ ಹಿಮ್ಮಡಿ ಸದ್ದಿಗೆ ಎಳೀರಿ."

ಮೊದಲ ಸುತ್ತು ಗೆದ್ದೆವು. ಆ ಖುಷಿಗೆ ಎಲ್ಲರೂ ಬಾಯಿ ಬಿಟ್ಟರು. ಉಳಿದೆರಡೂ ಸೋತೆವು.

ಕಾರ್ಯದರ್ಶಿ ಹಗ್ಗ ಸುತ್ತಲು ಬಂದಾಗ ಅತ್ತೆ ಅದರ ಮೇಲೆ ಕೂತಿದ್ದಳು.

"ಏಳಿ ಮೇಡಂ."

"ಕೂತ ವಸ್ತು ತಾನಾಗಿ ಕದಲಲ್ಲ ಸಾರ್. ಯಾರಾದ್ರೂ ನೂಕ್ಬೇಕು."

ನೂಕುವ ಧೈರ್ಯ ಅವರಿಗಿರಲಿಲ್ಲ. ನಾನೂ ಕೂತೆ, ಆಮೇಲೆ ನಮ್ಮವರು, ಕೊನೆಗೆ ಗೆದ್ದ ರೈಲ್ವೆಯವರೂ. ಹೊತ್ತು ಮುಳುಗುವಾಗ ಕಾರ್ಯದರ್ಶಿಯೇ ಸೋತು, ನಿಮ್ಮ ಆಟ ಇರಲಿ ಬಿಡಿ ಎಂದರು. ಗೆದ್ದ ಆಟಗಳಲ್ಲೂ ನನಗೆ ಅಷ್ಟು ಹೆಮ್ಮೆಯಾಗಿಲ್ಲ. ಹಗ್ಗ ಅತ್ತೆಯ ಮನೆ ಸೇರಿತು, ಅವಳ ನಂತರ ನಮ್ಮ ಅಟ್ಟ.

ಈಗ ಬೆಲ್ ಆಯಿತು. "ಆಂಟಿ, ಹಗ್ಗಕ್ಕೆ ಬಂದೆ."

ಹಗ್ಗವನ್ನು ಸುರುಳಿ ಸುತ್ತಿದೆ. ಚಪ್ಪಲಿ ಬಿಟ್ಟು, ಮಂಡಿಯನ್ನು ಹೇಗೋ ಮಡಿಸಿ, ಅದರ ಮೇಲೆ ಕೂತೆ.

"ಬಾಗಿಲು ತೆಗೆದೇ ಇದೆ," ಎಂದೆ. "ಒಳಗೆ ಬಾಪ್ಪಾ."