ನನ್ನ ಮನೆಗೆ ಬಾರದ ಎಲೆ

ನಮ್ಮೂರು ಭೇರ್ಯದ ಹತ್ತಿರ, ನಾಲೆ ಬಯಲಿನಲ್ಲಿದೆ. ಊರಿನ ಹಿರಿಯರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಚರಿತ್ರೆ ಒಂದೇ: ಇಲ್ಲಿ ಪಂಚಾಯ್ತಿ ಮೆಂಬರಿಗೆ ಓಟೇ ನಡೆದಿಲ್ಲ. ಅರ್ಜಿ ಹಾಕುವ ದಿನ ಹತ್ತಿರ ಬಂದಾಗ ಊರ ಯಜಮಾನರು ಮಾರಮ್ಮನ ಗುಡಿ ಜಗಲಿಯಲ್ಲಿ ಕೂತು ಒಬ್ಬರ ಹೆಸರು ಹೇಳುತ್ತಾರೆ. ಆಮೇಲೆ ತಟ್ಟೆಯಲ್ಲಿ ವೀಳ್ಯದೆಲೆ ಬರುತ್ತದೆ. ಮನೆಗೊಬ್ಬ ಗಂಡಸು ಎಲೆ ತೆಗೆದುಕೊಂಡರೆ ಆ ಮನೆ ಒಪ್ಪಿದ ಹಾಗೆ. ಎಲೆ ಹಿಡಿದು ಮಾತು ತಪ್ಪಿದ ಮನೆಗೆ ಆಳು ಬರುವುದಿಲ್ಲ, ಅಂಗಡಿಯಲ್ಲಿ ಬೆಂಕಿಪೊಟ್ಟಣವೂ ಹುಟ್ಟುವುದಿಲ್ಲ. ಇದಕ್ಕೆ ಅವರಿಟ್ಟ ಹೆಸರು ಒಗ್ಗಟ್ಟು. ಆ ಪದ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಒಂದು ಸಲ ನಮ್ಮೂರಿನ ಮೆಂಬರ್ ಸ್ಥಾನ ಹೆಂಗಸರಿಗೆ ಮೀಸಲಾಯಿತು. ಯಜಮಾನರು ತಮ್ಮ ಸೊಸೆಯ ಹೆಸರು ಹೇಳಿದರು. ಆ ಹುಡುಗಿ ಸಭೆಗೂ ಬಂದಿರಲಿಲ್ಲ, ಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳಂತೆ. ನಾನು ಗುಡಿ ಮುಂದಿನ ಬೇವಿನ ಮರದಡಿ ನಿಂತು ನೋಡುತ್ತಿದ್ದೆ. ತಟ್ಟೆ ಎಲ್ಲರ ಮುಂದೆ ಹೋಯಿತು, ಬೇರೆ ಮನೆ ಮಾಡಿಕೊಂಡಿದ್ದ ನನ್ನ ಮೈದುನನ ಮುಂದೆಯೂ ಹೋಯಿತು. ನನ್ನ ಕಡೆ ಬರಲಿಲ್ಲ. ಗಂಡ ತೀರಿಕೊಂಡ ಮೇಲೆ ನನ್ನ ಮನೆಗೆ ಎಲೆ ಬಂದದ್ದೇ ಇಲ್ಲ. ಮದುವೆ ಮನೆಗಳಲ್ಲೂ ತಾಂಬೂಲದ ತಟ್ಟೆ ನನ್ನನ್ನೂ, ನನ್ನಂತೆಯೇ ಗಂಡನಿಲ್ಲದ ನನ್ನ ಅತ್ತೆಯನ್ನೂ ದಾಟಿ ಪಕ್ಕದವರಿಗೆ ಹೋಗುವುದು ರೂಢಿ. ಅತ್ತೆ ತಲೆ ತಗ್ಗಿಸಿ ಕೂರುತ್ತಿದ್ದರು. ನಾನು ಒಳಗೊಳಗೇ ಕುದಿಯುತ್ತಿದ್ದೆ.

ಮಾರನೆಯ ದಿನ ಹೋಗಿ ಮೆಂಬರ್ ಸ್ಥಾನಕ್ಕೆ ನಾನೂ ಅರ್ಜಿ ಹಾಕಿ ಬಂದೆ. ನಮ್ಮ ಕೆಳಗಿನ ಬೀದಿಗೊಂದು ನಲ್ಲಿ ಹಾಕಿಸಿ ಎಂದು ಯಜಮಾನರ ಬಾಗಿಲಲ್ಲಿ ನಿಂತು ನಿಂತು ನನಗೆ ಸಾಕಾಗಿತ್ತು. ಸುದ್ದಿ ಕೇಳಿ ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. “ಊರ ಎದುರಾಕ್ಕಂಡು ಬದುಕಕ್ಕಾದದಾ? ಗದ್ದೆ ಕುಯ್ಲಿಗೆ ಬಂದು ನಿಂತದೆ ಕಣಮ್ಮಿ” ಅಂದರು.

ಅವರ ಮಾತು ಸುಳ್ಳಲ್ಲ. ಭತ್ತ ಬಾಗಿ ನಿಂತಿತ್ತು. ನಮ್ಮದು ಜೌಗು ಗದ್ದೆ, ಕುಯ್ಯುವ ಮಷಿನ್ ಇಳಿದರೆ ಹೂತುಕೊಳ್ಳುತ್ತದೆ. ಮುಯ್ಯಾಳೇ ಗತಿ. ಅವರ ಗದ್ದೆಗೆ ನಾನು ದುಡಿದುಕೊಟ್ಟಿದ್ದೆ, ನನ್ನ ಗದ್ದೆಗೆ ಅವರು ಬರಬೇಕಿತ್ತು. ಬರದಿದ್ದರೆ ವರ್ಷದ ಅನ್ನ ಕೆಸರಿಗೆ ಉದುರುತ್ತಿತ್ತು.

ಸಂಜೆ ಗುಡಿಗೆ ಕರೆ ಬಂತು. ಜಗಲಿ ತುಂಬ ಗಂಡಸರು. ಮೈದುನ ಕಂಬದ ಹಿಂದೆ ಕೂತು ನೆಲ ನೋಡುತ್ತಿದ್ದ. ಯಾರೋ, ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಚುಚ್ಚಿದರು. ಯಜಮಾನರು ಅವರನ್ನು ಸುಮ್ಮನಿರಿಸಿದರು. ಕೂಗಾಡುವ ಮನುಷ್ಯ ಅಲ್ಲ ಅವರು, ಅದೇ ನನಗೆ ಹೆಚ್ಚು ಭಯ. ತಾತಂದಿರ ಕಾಲದಿಂದ ಈ ಊರು ಎರಡಾಗಿಲ್ಲ ಎಂದು ನಿಧಾನವಾಗಿ ಹೇಳಿದರು. ಪಕ್ಕದ ಊರುಗಳಲ್ಲಿ ಓಟಿನಿಂದ ಅಣ್ಣತಮ್ಮಂದಿರೇ ಬಡಿದಾಡಿಕೊಂಡದ್ದನ್ನು ನೆನಪಿಸಿದರು. ಅದರಲ್ಲಿ ನಿಜವೂ ಇತ್ತು. ಕೊನೆಗೆ ಕೇಳಿದರು: “ಊರೆಲ್ಲ ಎಲೆ ಇಡ್ದು ಒಪ್ಪಿದ ಮಾತ ನೀನೆಂಗವ್ವ ಮುರಿದೆ?”



“ನಂಗೆ ಎಲೆನೇ ಕೊಡ್ಲಿಲ್ವಲ್ಲ ಯಜಮಾನ್ರೇ” ಅಂದೆ. “ಕೊಡದೇ ಇರೋ ಮಾತ ನಾನೆಂಗೆ ಮುರೀಲಿ?”

ಯಾರೋ ನಕ್ಕು, ತಕ್ಷಣ ಕೆಮ್ಮಿಕೊಂಡರು. ಯಜಮಾನರ ಕಟ್ಟಳೆಯ ಪ್ರಕಾರವೇ ನನ್ನನ್ನು ಕಟ್ಟಿಹಾಕಲು ಅವರ ಬಳಿ ಏನೂ ಇರಲಿಲ್ಲ. ನನ್ನನ್ನು ಲೆಕ್ಕಕ್ಕೆ ಇಟ್ಟುಕೊಳ್ಳದ್ದರಿಂದಲೇ ನಾನು ಸ್ವತಂತ್ರಳಾಗಿ ಉಳಿದಿದ್ದೆ. ಅವಮಾನದಿಂದ ಸಿಕ್ಕ ಆ ಸ್ವಾತಂತ್ರ್ಯವನ್ನು ನೆನೆದರೆ ಇವತ್ತಿಗೂ ನನಗೆ ಖುಷಿಯಾಗುವುದಿಲ್ಲ. ಒಗ್ಗಟ್ಟಿನ ಚರಿತ್ರೆ ಅಂತಾರಲ್ಲ, ಅದರಲ್ಲಿ ನಮ್ಮಂಥ ಮನೆಗಳು ಇರಲೇ ಇಲ್ಲ.

ಆಮೇಲೆ ಅವರು ತಟ್ಟೆ ತರಿಸಿದರು. ತಾವೇ ಎದ್ದು ಜಗಲಿಯಿಂದ ಇಳಿದು ಬಂದು ಎಲೆ ಅಡಿಕೆ ನನ್ನ ಮುಂದೆ ಹಿಡಿದರು. “ತಗವ್ವ. ಇನ್ಮೇಲೆ ಎಲ್ಲಾ ಸಭೇಲೂ ನಿನ್ ಮನೆಗೂ ಎಲೆ ಬತ್ತದೆ. ನಾಳೆ ಅರ್ಜಿ ವಾಪಸ್ ತಕ್ಕಬುಡು.”

ಅಯ್ಯೋ, ಆ ಎಲೆಗಾಗಿ ನಾನು ಎಷ್ಟು ವರ್ಷ ಹಂಬಲಿಸಿದ್ದೆ! ತೆಗೆದುಕೊಂಡರೆ ಮರ್ಯಾದೆ ಬರುತ್ತಿತ್ತು, ಗದ್ದೆಗೆ ಆಳು ಬರುತ್ತಿದ್ದರು, ಅತ್ತೆ ತಲೆಯೆತ್ತುತ್ತಿದ್ದರು. ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಸೆರಗಿನಲ್ಲಿ ಸುತ್ತಿ ಹಿಂದಕ್ಕೆ ಎಳೆದುಕೊಂಡೆ.

“ಮೊದ್ಲು ಯಾರ್ ಆಗ್ಬೇಕು ಅಂತ ನನ್ನ ಕೇಳಿ ಯಜಮಾನ್ರೇ. ಆಮೇಲೆ ಎಲೆ ಕೊಡಿ, ತಗತೀನಿ.”

ಅವರು ಕೇಳಲಿಲ್ಲ. ಎಲೆ ತಟ್ಟೆಗೆ ವಾಪಸು ಹೋಯಿತು.

ಕುಯ್ಲಿಗೆ ಯಾರೂ ಬರಲಿಲ್ಲ. ನಾನು, ಮಗಳು, ಸೊಂಟ ಹಿಡಿದುಕೊಂಡಿದ್ದ ಅತ್ತೆ, ಮೂವರೇ ಕುಯ್ದೆವು. ಕೈಗೆ ಸಿಕ್ಕಿದ್ದಕ್ಕಿಂತ ಕೆಸರಿಗೆ ಬಿದ್ದದ್ದೇ ಹೆಚ್ಚು. ನಾನು ಬದುವಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಓಟಿನಲ್ಲೂ ಸೋತೆ. ಆದರೆ ಎಲೆ ಬಾರದ ಮನೆಗಳ ಲೆಕ್ಕಕ್ಕಿಂತ ಹೆಚ್ಚು ಓಟು ಸಿಕ್ಕಿದ್ದವು, ಅಂದರೆ ಎಲೆ ಹಿಡಿದಿದ್ದ ಮನೆಗಳಿಂದಲೂ ನನಗೆ ಬಿದ್ದಿದ್ದವು. ಯಾರದೆಂದು ಯಜಮಾನರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಓಟಿನ ದಿನ ಯಜಮಾನರ ಮನೆಯವರ ಹಿಂದೆಯೇ ಅತ್ತೆ ಸಾಲಿನಲ್ಲಿ ನಿಂತಿದ್ದರು. ಮೆಂಬರಿಗೆಂದು ಅವರು ಹಾಕಿದ ಮೊದಲ ಓಟು ಅದು. ಹೊರಗೆ ಬಂದ ಅತ್ತೆ ಶಾಯಿ ಹಚ್ಚಿದ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿಕೊಂಡರು. ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು: “ಮುತ್ತೈದೇರ್ಗೂ ನಂಗೂ ಒಂದೇ ಬಾಟ್ಲಿಂದ ಅಚ್ಚುದ್ರು ಕಣಮ್ಮಿ. ನನ್ನ ದಾಟ್ಕೊಂಡು ಓಗ್ಲಿಲ್ಲ.”