ಸೋಮವಾರ ಅಂತ್ಲೇ ಐತೆ ಸಾರ್

ಕರೆಂಟ್ ಹೋಗಬಹುದಿತ್ತು, ಸರ್ವರ್ ಏಳದಿರಬಹುದಿತ್ತು, ಜಾವಾ ಪ್ರೋಗ್ರಾಂ ಮುನಿಸಿಕೊಳ್ಳಬಹುದಿತ್ತು. ಅರಸೀಕೆರೆಯ ನಮ್ಮ ಕಾಲೇಜಿನ ವೆಬ್‌ಸೈಟ್ ಕಟ್ಟಿದವನು ನಾನೇ. ಹಾಸ್ಟೆಲ್ ಸಂದರ್ಶನ ಸೋಮವಾರದ ಬದಲು ಶನಿವಾರವೇ ಎಂದಾದಾಗ, ದಿನ ತಿದ್ದಿದ ಹೊಸ ಫೈಲನ್ನು ಸರ್ವರ್‌ಗೆ ಹಾಕಿದೆ. ಹೆದರಿದ್ದು ಯಾವುದೂ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಗೆಂಡೆಹಳ್ಳಿಯ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದು ನಿಂತಳು.

“ಸಂದರ್ಶನ ಶನಿವಾರವೇ ಮುಗೀತಲ್ಲಮ್ಮ, ಸೀಟೂ ತುಂಬಿದವು” ಎಂದೆ.

“ಬೇಲೂರಲ್ಲಿ ಕಂಪ್ಯೂಟರ್ ನೋಡ್ಕಂಡೇ ಬಂದೆ ಸಾರ್, ಸೋಮವಾರ ಅಂತ್ಲೇ ಐತೆ. ಹಾಸ್ಟೆಲ್ ಇಲ್ದಿದ್ರೆ ಅಪ್ಪ ಓದ್ಸಲ್ಲ.”

ಅಪ್ಪ ಆಗಲೇ ಬಸ್‌ಸ್ಟ್ಯಾಂಡಿನತ್ತ ತಿರುಗಿದ್ದರು.

ಮಿಕ್ಕವರೆಲ್ಲ ಕಾಲೇಜಿನ ನೋಟಿಸ್ ಬೋರ್ಡ್ ನೋಡಿ ಶನಿವಾರವೇ ಬಂದಿದ್ದರು. ನನ್ನ ವೆಬ್‌ಸೈಟ್ ನಂಬಿದವಳು ಅವಳೊಬ್ಬಳೇ. ಅವಳು ಮತ್ತೆ ಬರಲಿಲ್ಲ. ಹೊಸ ಫೈಲೇನಾದರೂ ಕೈಕೊಟ್ಟರೆ ಇರಲಿ ಎಂದು, ಹಳೇ ದಿನವಿದ್ದ ಫೋಲ್ಡರನ್ನು ಸರ್ವರ್‌ನಿಂದ ಅಳಿಸದೆ ಬಿಟ್ಟಿದ್ದೆ. ಅದು ಇರುವ ತನಕ ಸರ್ವರ್ ಹೊಸ ಫೈಲನ್ನು ಬಿಚ್ಚುವುದೇ ಇಲ್ಲ; ಅದನ್ನೇ ತೋರಿಸುತ್ತಿತ್ತು.